ಜೂನಾ ಬಜಾರಿನ ಗಾಳಕೋಲಿಗೆ ಊರ ಬಿದಿರಿನ ತುದಿ

ಫೆಬ್ರವರಿ

ಪುಣೆಯ ಜೂನಾ ಬಜಾರ್ ವಾರಕ್ಕೆ ಎರಡು ದಿನ ಸೇರುತ್ತದೆ, ಬುಧವಾರ ಮತ್ತು ಭಾನುವಾರ. ನಾನು ಹೋಗುವುದು ಹಳೆಯ ಅರ, ಉಳಿ, ಮೈಕ್ರೋಮೀಟರ್ ಹುಡುಕಿಕೊಂಡು. ಭೋಸರಿಯ ಟೂಲ್‌ರೂಮಿನಲ್ಲಿ ಕೆಲಸ ಮಾಡುವವನಿಗೆ ಅದು ಜಾತ್ರೆ ಇದ್ದ ಹಾಗೆ. ಈ ಸಲ ಒಬ್ಬ ಕಾಕಾನ ಗೋಣಿತಾಟಿನ ಮೇಲೆ ಉದ್ದದ ಬಟ್ಟೆಚೀಲ ಬಿದ್ದಿತ್ತು.

"ಪಡದ್ಯಾಚಿ ಕಾಠಿ, ಘ್ಯಾ ಸಾಹೇಬ," ಅಂದರು. ಪರದೆ ಕೋಲಂತೆ. ಚೀಲ ಬಿಚ್ಚಿದೆ. ಮೂರು ತುಂಡು ಬಿದಿರು. ದುಂಡಗಿಲ್ಲ, ಆರು ಮುಖ. ತುಂಡಿನ ಕೊನೆಯಲ್ಲಿ ಕಪ್ಪಾದ ಲೋಹದ ಕೊಳವೆ. ಎದೆ ಡವಡವ ಅಂತು. ಚೌಕಾಸಿ ಮಾಡಲು ಮನಸ್ಸು ಬರಲಿಲ್ಲ. 700 ರೂಪಾಯಿ ಕೊಟ್ಟೆ. ಇದು ಮೀನು ಹಿಡಿಯುವ ಕೋಲು ಕಾಕಾ, ಅಂತ ಹೇಳಿಯೇ ಬಂದೆ. ಅವರು ನಕ್ಕು, ಹರಿದ ಚೀಲಕ್ಕೆ ಒಂದು ಸುತ್ತು ದಾರ ಕಟ್ಟಿ ಕೊಟ್ಟರು.

ಶಿರಸಿ ಕಡೆಯ ನಮ್ಮೂರಲ್ಲಿ ಗಾಳ ಅಂದರೆ ಒಂದು ಬಿದಿರ ಕಡ್ಡಿ, ತಂಗೂಸಿ, ಎರೆಹುಳು. ಶಾಲ್ಮಲಾ ಹೊಳೆಯ ದಂಡೆಯಲ್ಲಿ ಅದನ್ನೇ ಹಿಡಿದು ಬೆಳೆದೆ. ಈ ಕೋಲಿನ ಕೆಲಸ ಬೇರೆ. ಫ್ಲೈ ಮೀನುಗಾರಿಕೆಯಲ್ಲಿ ಕೊಕ್ಕೆಗೆ ತೂಕವೇ ಇರುವುದಿಲ್ಲ. ಅದಕ್ಕೆ ಕಟ್ಟುವುದು ಒಂದಿಷ್ಟು ಗರಿ, ಒಂದಿಷ್ಟು ರೋಮ, ಅಷ್ಟೇ. ತೂಕ ಇರುವುದು ದಪ್ಪ ದಾರಕ್ಕೆ. ಕೋಲು ಹಿಂದಕ್ಕೆ ಬಾಗಿ ಆ ದಾರವನ್ನು ಹೊತ್ತುಕೊಂಡು, ಮುಂದಕ್ಕೆ ಚಿಮ್ಮಿಸಬೇಕು. ಹಾಗಾಗಿ ಬುಡದಿಂದ ತುದಿಗೆ ದಪ್ಪ ಹೇಗೆ ಇಳಿಯುತ್ತದೆ ಅನ್ನುವುದರಲ್ಲೇ ಕೋಲಿನ ಜೀವ ಇದೆ.

ನನ್ನ ಹತ್ತಿರ ಇಂಥವು ಮೊದಲೇ ಮೂರಿವೆ. ಎರಡರಲ್ಲಿ ಮೀನು ಹಿಡಿಯುತ್ತೇನೆ. ಮೂರನೆಯದು ಬುಡದಲ್ಲಿ ಕೊಳೆತಿತ್ತು. ಅದನ್ನು ಅಡ್ಡ ಕೊಯ್ದು ನೋಡಿಯೇ ನಾನು ಈ ಕಸುಬು ಕಲಿತದ್ದು. ಆರು ತ್ರಿಕೋನ ಸೀಳುಗಳು, ಒಂದೊಂದೂ 60 ಡಿಗ್ರಿ. ಬಿದಿರಿನ ಹೊರಮೈ ಹೊರಗೆ, ಮೆತ್ತನೆಯ ಒಳಮೈ ನಡುವಿಗೆ. ಬಿದಿರಿನ ಶಕ್ತಿಯೆಲ್ಲ ಸಿಪ್ಪೆಗೆ ಅಂಟಿದ ನಾರಿನಲ್ಲಿದೆ. ಒಳಗೆ ಹೋದಷ್ಟೂ ನಾರು ವಿರಳ. ಆರು ಸೀಳು ಸೇರಿಸಿದರೆ ಸುತ್ತಲೂ ಗಟ್ಟಿ ನಾರೇ ಬರುತ್ತದೆ.

ಹೊಸದಾಗಿ ಬಂದ ಕೋಲಿನ ಸ್ಥಿತಿ ಹೀಗಿತ್ತು. ಮೂರೂ ತುಂಡು ಸೇರಿ 9 ಅಡಿ ಇರಬೇಕಾದ್ದು. ಬುಡ ಗಟ್ಟಿ. ಹಿಡಿಯ ಕಾರ್ಕ್ ಕರಿ ಹಿಡಿದಿದೆ, ಪುಡಿಯಾಗಿಲ್ಲ. ನಡುತುಂಡಿನಲ್ಲಿ 11 ಸೆಂಟಿಮೀಟರ್ ಉದ್ದಕ್ಕೆ ಅಂಟು ಬಿಟ್ಟಿದೆ. ತುದಿ ತುಂಡು ಮುರಿದು 18 ಸೆಂಟಿಮೀಟರ್ ಹೋಗಿಬಿಟ್ಟಿದೆ. ರೇಷ್ಮೆ ಸುತ್ತುಗಳು ಮುಟ್ಟಿದರೆ ಉದುರುತ್ತವೆ. ಹೆಸರು ಬರೆದ ಜಾಗ ಉಜ್ಜಿಹೋಗಿದೆ.

ಬಿಟ್ಟ ಅಂಟಿನ ಚೂರೊಂದನ್ನು ಬಿಸಿನೀರಿಗೆ ಹಾಕಿದೆ. ಹತ್ತು ನಿಮಿಷದಲ್ಲಿ ಜಿಗುಟಾಯಿತು, ಗೊತ್ತಿರುವ ವಾಸನೆ ಬಂತು. ಸರೇಸು! ಚರ್ಮ, ಮೂಳೆ ಬೇಯಿಸಿ ಮಾಡುವ ಅದೇ ಅಂಟು. ಊರಲ್ಲಿ ಬಡಿಗರು ಮಡಕೆಯಲ್ಲಿ ಕಾಯಿಸುತ್ತಿದ್ದರು. ಸೆಕೆ, ತೇವ ಎರಡೂ ಸೇರಿದರೆ ಸರೇಸು ಸೋಲುತ್ತದೆ. ಹಿಂದಿನವರಿಗೆ ಅದು ಗೊತ್ತಿತ್ತು. ಅದಕ್ಕೇ ಕೋಲಿನ ಉದ್ದಕ್ಕೂ ಒಂದೊಂದು ಇಂಚಿಗೆ ರೇಷ್ಮೆಯ ಸಣ್ಣ ಪಟ್ಟಿ ಸುತ್ತಿ ಭದ್ರ ಮಾಡುತ್ತಿದ್ದರು. ಈ ಕೋಲಿನ ಮೇಲೂ ಆ ಗುರುತುಗಳಿವೆ. 1940ರ ದಶಕದಲ್ಲಿ ರಾಳದ ಅಂಟುಗಳು ಬಂದ ಮೇಲೆ ಆ ಪಟ್ಟಿಗಳ ಅಗತ್ಯ ಕಡಿಮೆಯಾಯಿತು.

ಮಾರ್ಚ್

ಮೊದಲೇ ಒಂದು ತೀರ್ಮಾನ ಬರೆದಿಡುತ್ತೇನೆ. ಹಳೆಯದನ್ನು ಹೊಳೆಯುವ ಹಾಗೆ ಮಾಡುವುದಿಲ್ಲ. ಬಿದಿರಿನ ಹೊರಮೈಗೆ ಮರಳು ಕಾಗದ ತಾಗಿಸುವುದಿಲ್ಲ. ಮುರಿದ ತುದಿಯನ್ನು ಎಸೆಯದೆ ಚೀಲದಲ್ಲೇ ಇಡುತ್ತೇನೆ. ಆದರೆ ಕೋಲು ಗೋಡೆಗೆ ಅಲ್ಲ, ನೀರಿಗೆ. ಹೊಸ ತುದಿ ಹಾಕಿದರೆ ಸಂಗ್ರಹದವರ ಲೆಕ್ಕದಲ್ಲಿ ಬೆಲೆ ಇಳಿಯುತ್ತದೆ, ಗೊತ್ತು. ದಾರ ಎಸೆಯದ ಕೋಲನ್ನು ಇಟ್ಟುಕೊಂಡು ಏನು ಮಾಡಲಿ?

ನಡುತುಂಡು ಸುಲಭ. ಬ್ರಷ್‌ನಲ್ಲಿ ಬಿಸಿನೀರು ಹಚ್ಚಿ ಸರೇಸು ತೆಗೆದೆ. ನಾಲ್ಕು ದಿನ ಒಣಗಿಸಿದೆ. ನಿಧಾನಕ್ಕೆ ಗಟ್ಟಿಯಾಗುವ ಎಪಾಕ್ಸಿ ಅಂಟನ್ನು ಬ್ಲೇಡಿನ ತುದಿಯಲ್ಲಿ ಒಳಗೆ ತಳ್ಳಿ, ಹತ್ತಿ ದಾರವನ್ನು ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ಸುತ್ತಿದೆ. ಕಣ್ಣಿನ ನೇರಕ್ಕೆ ಹಿಡಿದು ನೋಡಿ ತಿದ್ದಿ, ನೇತುಹಾಕಿದೆ. ಸರಿಯಾಯಿತು.

ಫೆರೂಲ್ ತೆಗೆಯುವಾಗ ತಪ್ಪಾಯಿತು. ಫೆರೂಲ್ ಅಂದರೆ ಒಂದು ತುಂಡು ಇನ್ನೊಂದರೊಳಗೆ ಕೂರುವ ಲೋಹದ ಕೊಳವೆ. ಇದು ಜರ್ಮನ್ ಸಿಲ್ವರ್. ತಾಮ್ರ, ನಿಕ್ಕಲ್, ಸತು ಸೇರಿದ ಲೋಹ, ಬೆಳ್ಳಿ ಒಂದು ಗುಂಜಿಯೂ ಇಲ್ಲ. ಮುರಿದ ತುದಿಯ ಬುಡದಲ್ಲಿದ್ದ ಫೆರೂಲನ್ನೇ ಹೊಸ ತುದಿಗೆ ಹಾಕಬೇಕಿತ್ತು. ಸ್ಪಿರಿಟ್ ದೀಪದ ಮೇಲೆ ತಿರುಗಿಸುತ್ತಾ ಬಿಸಿ ಮಾಡಿ ಎಳೆದೆ. ಬರಲಿಲ್ಲ. ಇನ್ನೂ ಬಲ ಹಾಕಿದೆ. ಕಿರ್ ಅಂತ ಸದ್ದು ಬಂತು. ಲೆನ್ಸ್ ಹಿಡಿದು ನೋಡಿದರೆ, ಕೂದಲೆಳೆಯಷ್ಟು ತೆಳ್ಳಗಿನ ಹಿತ್ತಾಳೆ ಮೊಳೆ. ಲೋಹದ ಜೊತೆ ಸಮ ಮಾಡಿ ಅರೆದಿದ್ದರು, ಮಸಿ ಬಳಿದ ಹಾಗಿದ್ದ ಮೈಮೇಲೆ ಕಾಣುತ್ತಲೇ ಇರಲಿಲ್ಲ. ಮೊಳೆ ಬಿದಿರಿನ ನಾರನ್ನು ಸೀಳಿತ್ತು. ಮುರಿದ ತುಂಡೇ ಆದ್ದರಿಂದ ನಷ್ಟ ದೊಡ್ಡದಲ್ಲ. ಬುಡದ ತುಂಡಿನಲ್ಲಿ ಹೀಗಾಗಿದ್ದರೆ ಕೋಲೇ ಹೋಗುತ್ತಿತ್ತು. ಹಳೆ ಕೋಲು ಕೈಗೆ ಬಂದವರು ದಯವಿಟ್ಟು ಮೊದಲು ಸ್ಟೀಲ್‌ವುಲ್‌ನಿಂದ ಫೆರೂಲ್ ಉಜ್ಜಿ, ಮೊಳೆ ಹುಡುಕಿ, ಅದನ್ನು ತಳ್ಳಿ ತೆಗೆದು, ಆಮೇಲೆ ಬಿಸಿ ಮಾಡಿ. ಎಳೆಯುವಾಗ ನೇರ ಎಳೆಯಿರಿ, ತಿರುಚಬೇಡಿ.

ಏಪ್ರಿಲ್: ಬಿದಿರು

ಈ ಕೋಲುಗಳಿಗೆ ಬಳಸುವುದು ದಕ್ಷಿಣ ಚೀನಾದ ಟಾಂಕಿನ್ ಬಿದಿರು. ಗ್ವಾಂಗ್‌ಡಾಂಗ್ ಕಡೆ ಬೆಳೆಯುತ್ತದೆ. ದಪ್ಪ ಗೋಡೆ, ಒತ್ತಾದ ನಾರು, ಉಬ್ಬದ ಗೆಣ್ಣು. 1950ರಲ್ಲಿ ಅಮೆರಿಕ ಚೀನಾದ ವ್ಯಾಪಾರ ನಿಲ್ಲಿಸಿದಾಗ ಅಲ್ಲಿನ ಕೋಲು ಮಾಡುವವರು ಬಿದಿರಿಲ್ಲದೆ ಒದ್ದಾಡಿದ್ದರು. ಆದರೆ ಟಾಂಕಿನ್‌ಗಿಂತ ಮೊದಲು ಏನಿತ್ತು? ಕಲ್ಕತ್ತಾ ಬಿದಿರು. ಕಲ್ಕತ್ತಾ ಬಂದರಿನಿಂದ ಹೋಗುತ್ತಿತ್ತು, ಅದಕ್ಕೆ ಆ ಹೆಸರು. ಮೈಮೇಲೆ ಸುಟ್ಟ ಗುರುತು ಇರುತ್ತಿತ್ತು. 1840ರ ದಶಕದಲ್ಲಿ ಪೆನ್ಸಿಲ್ವೇನಿಯದ ಈಸ್ಟನ್ ಊರಿನ ಬಂದೂಕು ಕಸುಬಿನ ಸ್ಯಾಮ್ಯುಯೆಲ್ ಫಿಲಿಪ್ ಸೀಳಿದ ಬಿದಿರಿನ ಕೋಲು ಕಟ್ಟಿದರು. ಆಗ ಮರದ ಕೋಲಿಗೆ ಬಿದಿರಿನ ತುದಿ ಕೂರಿಸುವ ರೂಢಿ ಇತ್ತು. 1870ರ ದಶಕದಲ್ಲಿ ಮೇನ್ ರಾಜ್ಯದ ಬ್ಯಾಂಗರ್‌ನಲ್ಲಿ ಹೈರಮ್ ಲೆನಾರ್ಡ್ ಆರು ಸೀಳಿನ ಕೋಲನ್ನು ಮಾರಾಟಕ್ಕೆ ಮಾಡತೊಡಗಿದರು. ಅಂದರೆ ಈ ಕಸುಬು ಶುರುವಾದದ್ದೇ ನಮ್ಮ ಕಡೆಯ ಬಿದಿರಿನಿಂದ. ಹಾಗಿದ್ದ ಮೇಲೆ ಒಂದು ತುದಿಗೆ ಚೀನಾದಿಂದ ಯಾಕೆ ತರಿಸಲಿ?

ಇದು ಬರೀ ಅಭಿಮಾನದ ಮಾತಲ್ಲ, ಲೆಕ್ಕವೂ ಇದೆ. ಆರು ಮುಖದ ಕೋಲಿನಲ್ಲಿ ಎದುರು ಬದುರು ಮುಖಗಳ ಅಂತರದ ಅರ್ಧವೇ ಒಂದು ತ್ರಿಕೋನದ ಎತ್ತರ. ನನ್ನ ತುದಿ ತುಂಡು ಫೆರೂಲ್ ಹತ್ತಿರ 4.4 ಮಿಲಿಮೀಟರ್. ಅಲ್ಲೂ ಸೀಳಿನ ಆಳ ಬರೀ 2.2. ಕೊನೆಯಲ್ಲಿ 1 ಮಿಲಿಮೀಟರಿಗಿಂತ ಕಡಿಮೆ. ಅಷ್ಟು ಆಳದವರೆಗೆ ಒಳ್ಳೆ ಬಿದಿರು ಯಾವುದಾದರೂ ಗಟ್ಟಿ ನಾರೇ ಇರುತ್ತದೆ. ಟಾಂಕಿನ್‌ನ ದೊಡ್ಡತನ ಬುಡದ ತುಂಡಿನಲ್ಲಿ. ಅಲ್ಲಿ ಆಳಕ್ಕೆ ಹೋದರೂ ಒತ್ತಾದ ನಾರು ಬೇಕು.

ಪುಣೆಯ ಪೇಟೆಗಳ ನಡುವೆ ಬುರುಡ ಆಳಿ ಇದೆ. ನಮ್ಮ ಮೇದಾರರೇ ಇಲ್ಲಿ ಬುರುಡರು. ಬುಟ್ಟಿ, ಮೊರ, ಏಣಿ, ಮಂಟಪದ ಗಳ, ಎಲ್ಲ ಸಿಗುತ್ತದೆ. ಒಂದು ಅಂಗಡಿಯ ಮೂಲೆಯಲ್ಲಿ ಹೆಬ್ಬೆರಳಿಗಿಂತ ಸ್ವಲ್ಪ ದಪ್ಪದ, ಹೆಚ್ಚುಕಡಿಮೆ ಗಟ್ಟಿ ಬಿದಿರು ಕಂಡಿತು. ಅಂಗಡಿಯ ಮಾವಶಿ ಅಂದರು, "ಮಾಣಗಾ, ಸಿಂಧುದುರ್ಗಚಾ." ಸಿಂಧುದುರ್ಗದ ಮಾಣಗಾ ಬಿದಿರಂತೆ. ತಿರುಗಿಸಿ ನೋಡಿದೆ. ಅರೆ, ಇದು ನಮ್ಮೂರ ಮರಿಹಾಳ ಬಿದಿರು! ಅಡಿಕೆ ತೋಟದ ಬೇಲಿಗೆ ಹಾಕುತ್ತಿದ್ದುದು, ನನ್ನ ಮೊದಲ ಗಾಳದ ಕಡ್ಡಿ ಮುರಿದುಕೊಂಡದ್ದು ಇದರಿಂದಲೇ. ಅಂಗಡಿಯ ನಡುವೆ ನಿಂತು ಕಣ್ಣು ತುಂಬಿ ಬಂತು.

ಮಾವಶಿ ನನ್ನ ಕೆಲಸ ಕೇಳಿ ತಾವೇ ಆರಿಸಿ ಕೊಟ್ಟರು. ಎಳೆಯದು ಬೇಡ, ಮೂರು ವರ್ಷ ದಾಟಿರಬೇಕು. ಉಗುರಿನಿಂದ ಗೀರಿದರೆ ಗುರುತು ಬೀಳಬಾರದು. ಅಮಾವಾಸ್ಯೆ ಸುತ್ತ ಕಡಿದದ್ದಕ್ಕೆ ಹುಳ ಬೀಳುವುದಿಲ್ಲ, ಅಂದರು. ನಮ್ಮ ಅಜ್ಜಿಯೂ ಅದನ್ನೇ ಹೇಳುತ್ತಿದ್ದಳು. ಹುಳ ಬರುವುದು ಬಿದಿರಿನೊಳಗಿನ ಪಿಷ್ಟ ತಿನ್ನಲು. ಹಾಗಾಗಿ ಪಿಷ್ಟ ಕಡಿಮೆ ಇರುವಾಗ ಕಡಿಯುವುದೇ ಜಾಣತನ. ಎರಡು ಗಳ ತಂದೆ.

ಏಪ್ರಿಲ್, ಕೊನೆಯ ವಾರ

ಮೊದಲು ಗಳವನ್ನು ಎರಡು, ಆಮೇಲೆ ನಾಲ್ಕು, ಹೀಗೆ ಸೀಳಿಕೊಂಡು ಹೋಗಬೇಕು. ಸೀಳು ಒಂದು ಕಡೆಗೆ ಜಾರಿದರೆ ದಪ್ಪ ಇರುವ ಭಾಗವನ್ನು ಜಾಸ್ತಿ ಬಗ್ಗಿಸಿ ಎಳೆಯಿರಿ, ಸೀಳು ತಾನಾಗಿ ನಡುವಿಗೆ ಬರುತ್ತದೆ. ಕತ್ತಿಯಿಂದ ಕೊಯ್ಯುವುದಲ್ಲ ಇದು. ನಾರು ಹೋದ ದಾರಿಯಲ್ಲಿ ಸೀಳಬೇಕು. ಬೇಕಾದದ್ದು ಆರು, ನಾನು ಎಂಟು ತೆಗೆದೆ.

ಗೆಣ್ಣು ಈ ಬಿದಿರಿನ ಕಷ್ಟ. ಟಾಂಕಿನ್‌ಗಿಂತ ಜಾಸ್ತಿ ಉಬ್ಬುತ್ತದೆ. ಉಬ್ಬನ್ನು ಅರದಿಂದ ಹದವಾಗಿ ಇಳಿಸಿ, ಹಾಟ್ ಏರ್ ಗನ್‌ನಿಂದ ಬಿಸಿ ಮಾಡಿ, ವೈಸ್‌ನಲ್ಲಿ ಒತ್ತಿ ತಣ್ಣಗಾಗಲು ಬಿಟ್ಟೆ. ಬಿಸಿಯಲ್ಲಿ ಬಿದಿರು ಮೇಣದಂತೆ ಮಾತು ಕೇಳುತ್ತದೆ, ತಣ್ಣಗಾದ ಮೇಲೆ ಹಾಗೇ ನಿಲ್ಲುತ್ತದೆ. ಎರಡು ಸೀಳಿನ ಗೆಣ್ಣುಗಳು ಪಕ್ಕಪಕ್ಕ ಬರದ ಹಾಗೆ ಮೇಲೆ ಕೆಳಗೆ ಜರುಗಿಸಿ ಗುರುತು ಹಾಕಿಕೊಂಡೆ. ಗೆಣ್ಣೆಲ್ಲ ಒಂದೇ ಕಡೆ ಸೇರಿದರೆ ಕೋಲು ಅಲ್ಲೇ ಮುರಿಯುತ್ತದೆ.

ಒರಟಾಗಿ ತ್ರಿಕೋನ ಮಾಡಿದ ಮೇಲೆ ಕಾಯಿಸುವುದು. ಇಷ್ಟುದ್ದ ಹಿಡಿಸುವ ಓವನ್ ಮನೆಯಲ್ಲಿ ಎಲ್ಲಿಂದ ಬರಬೇಕು? ಜಿಐ ಪೈಪಿನೊಳಗೆ ಇನ್ನೊಂದು ಪೈಪು ಇಟ್ಟು, ಹೊರಗಿನದರ ಒಂದು ಬಾಯಿಗೆ ಹಾಟ್ ಏರ್ ಗನ್ ಹಚ್ಚಿದೆ. ಬಿಸಿ ಅಳೆಯುವ ಥರ್ಮೋಕಪಲ್ 180 ಡಿಗ್ರಿ ತೋರಿಸುವವರೆಗೆ ಕಾದು, ಸೀಳುಗಳನ್ನು ಕಟ್ಟಿ ಒಳಗಿಟ್ಟು, 8 ನಿಮಿಷಕ್ಕೊಮ್ಮೆ ತಿರುವಿ ಹಾಕಿದೆ. ಒಟ್ಟು 16 ನಿಮಿಷ. ಒಳಗೆ ಹೋಗುವಾಗ ಎಂಟೂ ಸೇರಿ 70 ಗ್ರಾಂ, ಹೊರಗೆ ಬಂದಾಗ 64. ಹೋದದ್ದು ನೀರು. ಮನೆಯೆಲ್ಲ ಬೆಲ್ಲ ಹುರಿದ ಘಮ. ಸೀಳು ಬಗ್ಗಿಸಿದರೆ ಮೊದಲಿಗಿಂತ ಚುರುಕಾಗಿ ನೇರ ಆಗುತ್ತಿತ್ತು.

ಮೇ: ಹತ್ತರಿ

ಬಡಿಗರು ಮರ ಹೆರೆಯುವ ಉಪಕರಣ, ಊರಲ್ಲಿ ಹತ್ತರಿ, ಇಲ್ಲಿ ರಂಧಾ. ಸೀಳುಗಳನ್ನು ಇಟ್ಟು ಹತ್ತರಿ ಹೊಡೆಯಲು ಅಚ್ಚು ಬೇಕು. ಎರಡು 20 ಮಿಲಿಮೀಟರ್ ಚೌಕದ ಬ್ರೈಟ್ ಬಾರ್, ಅಂದರೆ ನುಣುಪು ಉಕ್ಕಿನ ಸರಳು, 120 ಸೆಂಟಿಮೀಟರ್ ಉದ್ದ. ಎದುರಾಗುವ ಅಂಚುಗಳನ್ನು ಅರದಿಂದ ಉಜ್ಜಿ, ಎರಡೂ ಸೇರಿದಾಗ 60 ಡಿಗ್ರಿಯ ಕಾಲುವೆ ಆಗುವಂತೆ ಮಾಡಿದೆ. ಬುಡದ ಕಡೆ ಆಳ, ತುದಿಯ ಕಡೆ ತೆಳು. ಪ್ರತಿ 12.5 ಸೆಂಟಿಮೀಟರಿಗೆ ಎರಡು ಸ್ಕ್ರೂ. ಒಂದು ಬಾರ್‌ಗಳನ್ನು ದೂರ ತಳ್ಳುತ್ತದೆ, ಇನ್ನೊಂದು ಹತ್ತಿರ ಎಳೆಯುತ್ತದೆ. ಹೀಗೆ ಕಾಲುವೆಯ ಆಳ ಬೇಕಾದಷ್ಟು ಹೊಂದಿಸಬಹುದು. ಚೂಪು ಮೂತಿಯ ಡಯಲ್ ಗೇಜ್‌ನಿಂದ ಅಳೆಯುತ್ತೇನೆ. ಇದಕ್ಕೆ ಐದು ಭಾನುವಾರ ಹೋದವು. ಮಿಲ್ಲಿಂಗ್ ಮಷೀನಿನಲ್ಲಿ ಒಂದೇ ದಿನದ ಕೆಲಸ, ನಿಜ. ಕಂಪನಿ ಮಷೀನು ನನ್ನ ಹವ್ಯಾಸಕ್ಕಲ್ಲ, ಹಾಗಾಗಿ ಅರವೇ ಹಿಡಿದೆ. ಕೈಯಿಂದ ಉಜ್ಜಿದ ಉಕ್ಕು ನಿಧಾನವಾಗಿ ನೇರ ಆಗುವುದನ್ನು ನೋಡುವುದೇ ಒಂದು ಸುಖ.

ಅಳತೆ ಎಲ್ಲಿಂದ? ಮುರಿದ ತುದಿಯಿಂದಲೇ. ಉಳಿದ ಭಾಗವನ್ನು ಅದೇ 12.5 ಸೆಂಟಿಮೀಟರಿನ ಗುರುತುಗಳಲ್ಲಿ, ಮೂರೂ ಜೋಡಿ ಮುಖಗಳಿಗೆ ಮೈಕ್ರೋಮೀಟರ್ ಹಾಕಿ ಅಳೆದೆ. ಗ್ರಾಫ್ ಕಾಗದದ ಮೇಲೆ ಗೆರೆ ಎಳೆದೆ. ಹೋದ 18 ಸೆಂಟಿಮೀಟರಿಗೆ ಅದೇ ಗೆರೆಯನ್ನು ಮುಂದುವರಿಸಿದೆ. ಕೊನೆ 1.8 ಮಿಲಿಮೀಟರ್ ಬಂತು.

ಸೀಳನ್ನು ಹೊರಮೈ ಒಂದು ಗೋಡೆಗೆ ತಾಗುವಂತೆ ಕಾಲುವೆಯಲ್ಲಿಟ್ಟು, ಮೇಲೆ ಕಂಡ ಮುಖವನ್ನಷ್ಟೇ ಹತ್ತರಿ ಹೊಡೆಯಬೇಕು. ನಾಲ್ಕು ಸಲ ಎಳೆದ ಮೇಲೆ ಸೀಳನ್ನು ಹೊರಳಿಸಿ ಇನ್ನೊಂದು ಒಳಮುಖ. ಹೊರಮೈಗೆ ಬ್ಲೇಡು ಸೋಕಲೇಬಾರದು. ಬಿದಿರಿನಲ್ಲಿ ಸಿಲಿಕಾ ಇದೆ, ಬ್ಲೇಡು ಬೇಗ ಮೊಂಡಾಗುತ್ತದೆ. ಒಂದು ಸೀಳಿಗೆ ಎರಡು ಸಲ ಮಸೆದೆ. ಮೊಂಡು ಬ್ಲೇಡಿನಲ್ಲಿ ಇನ್ನೊಂದೇ ಎಳೆತ ಅಂದುಕೊಂಡಾಗಲೇ ಗೆಣ್ಣಿನ ಹತ್ತಿರ ನಾರು ಕಿತ್ತು ಬಂತು. ಎಂಟರಲ್ಲಿ ಒಂದು ಹಾಗೆ ಹೋಯಿತು. ಕೊನೆಕೊನೆಗೆ ಬರುವ ಸಿಪ್ಪೆ ಈರುಳ್ಳಿ ಪೊರೆಯಷ್ಟು ತೆಳು. ಬ್ಲೇಡು ಉಕ್ಕನ್ನು ಸವರಿ ಸುಯ್ ಅಂದರೆ ಆ ಸೀಳು ಮುಗಿಯಿತು ಅಂತ.

ಮೊದಲ ತುದಿ ಎರಡು ಕಾರಣಕ್ಕೆ ಹಾಳಾಯಿತು. ಅಂಟು ಹಚ್ಚಿದ ಮೇಲೆ ದಾರವನ್ನು ಒಂದೇ ದಿಕ್ಕಿಗೆ ಸುತ್ತಿದೆ. ನಡುತುಂಡಿಗೆ ಎರಡೂ ದಿಕ್ಕು ಸುತ್ತಿದವನು ಇಲ್ಲಿ ಅಂಟು ಒಣಗೀತು ಎಂಬ ಅವಸರದಲ್ಲಿ ಬಿಟ್ಟೆ. ಬೆಳಿಗ್ಗೆ ನೋಡಿದರೆ ಕೋಲು ಕಾಲು ಸುತ್ತು ತಿರುಚಿಕೊಂಡಿತ್ತು. ಅಷ್ಟೇ ಆಗಿದ್ದರೆ ಬಿಸಿ ಮಾಡಿ ತಿದ್ದಲು ನೋಡುತ್ತಿದ್ದೆ. ಆದರೆ ಹಳೆ ತುದಿಯ ಪಕ್ಕ ಹಿಡಿದು, ಒಂದೇ ದೂರದಲ್ಲಿ ಒಂದೇ ತೂಕ ನೇತುಹಾಕಿದಾಗ ಹೊಸದು ಜಾಸ್ತಿ ಬಗ್ಗಿತು. ಮರಿಹಾಳ ಸ್ವಲ್ಪ ಮೆತ್ತಗೆ ಅನ್ನುವುದು ಗೊತ್ತಾಯಿತು.

ಎರಡನೆಯ ಗಳ ಸೀಳಿದೆ. ಈ ಸಲ ಉದ್ದಕ್ಕೂ 0.1 ಮಿಲಿಮೀಟರ್ ದಪ್ಪ ಇಟ್ಟೆ. ಸಣ್ಣದು ಅನ್ನಿಸುತ್ತದೆ ಅಲ್ವಾ? ಬಾಗುವ ಬಿಗುವು ದಪ್ಪದ ನಾಲ್ಕನೆಯ ಘಾತಕ್ಕೆ ಏರುತ್ತದೆ. 3 ಮಿಲಿಮೀಟರ್ ಇರುವಲ್ಲಿ 3.1 ಆದರೆ ಬಿಗುವು ಸುಮಾರು 14 ಪರ್ಸೆಂಟ್ ಹೆಚ್ಚು. ಸುತ್ತು ಎರಡೂ ದಿಕ್ಕಿಗೆ. ಗಾಜಿನ ಮೇಲೆ ಉರುಳಿಸಿ ನೇರ ಮಾಡಿ, ಕೆಳಗೆ ತೂಕ ಕಟ್ಟಿ ತೂಗುಹಾಕಿದೆ. ಎರಡು ದಿನ ಮುಟ್ಟಲಿಲ್ಲ. ದಾರ ಬಿಚ್ಚಿ, ಮೇಲಿನ ಅಂಟನ್ನು ಕೆರೆದು ಅಳೆದೆ. ಫೆರೂಲ್ ಹತ್ತಿರ ಮೂರು ಜೋಡಿ ಮುಖಗಳು 4.50, 4.48, 4.52. ಮನೆಯವಳನ್ನು ಕರೆದು ತೋರಿಸಿದೆ. ಮೂಲೆಗಳ ಮೇಲೆ ಬೆರಳಾಡಿಸಿ, "ಜೋಡಿಸಿದ್ದು ಗೊತ್ತೇ ಆಗಲ್ಲ ಕಣ್ರೀ" ಅಂದಳು.

ಜೂನ್: ರೇಷ್ಮೆ

ದಾರ ಹಾಯುವ ಬಳೆಗಳನ್ನು ರೇಷ್ಮೆಯಿಂದ ಸುತ್ತಿ ಕೂರಿಸಬೇಕು. ಸೀರೆ ಕುಚ್ಚಿಗೆ ತಂದ ದಾರ ಮನೆಯಲ್ಲೇ ಇತ್ತು. ಸುಟ್ಟು ನೋಡಿದೆವು. ಒಂದು ಉಂಡೆ ಕಾಗದದಂತೆ ಉರಿಯಿತು, ಅದು ನಕಲಿ. ಇನ್ನೊಂದು ಕೂದಲು ಸುಟ್ಟ ವಾಸನೆ ಬಂದು, ಕರಿ ಮಣಿಯಾಗಿ, ಒತ್ತಿದರೆ ಪುಡಿಯಾಯಿತು. ಅದೇ ರೇಷ್ಮೆ. ನಾನು ಸುತ್ತಿದ್ದರಲ್ಲಿ ಎಳೆಗಳ ನಡುವೆ ಸಂದು ಬಿತ್ತು. ಮನೆಯವಳು ಕೈಯಿಂದ ತೆಗೆದುಕೊಂಡು, "ಬಿಗಿ ಒಂದೇ ಸಮ ಇರ್ಬೇಕು, ಎಳೆದು ಹಿಡಿದ್ರೆ ಆಗಲ್ಲ" ಅಂದು ಒಂಬತ್ತೂ ಬಳೆಗಳನ್ನು ಅವಳೇ ಕಟ್ಟಿದಳು. ಬಣ್ಣ ತಿಳಿ ಹಳದಿ. ವಾರ್ನಿಷ್ ಹಚ್ಚಿದ ಕೂಡಲೇ ರೇಷ್ಮೆ ಪಾರದರ್ಶಕವಾಗಿ, ಕೆಳಗಿನ ಬಿದಿರಿನ ನಾರು ಜೇನಿನೊಳಗಿದ್ದ ಹಾಗೆ ಕಂಡಿತು.

ಅಷ್ಟರಲ್ಲಿ ಮಳೆ ಹಿಡಿಯಿತು. ಈ ಹವೆಯಲ್ಲಿ ವಾರ್ನಿಷ್ ಬೇಡ. ಕೋಲನ್ನು 60 ವಾಟ್ ಬಲ್ಬು ಉರಿಯುವ ಬೀರುವಿನಲ್ಲಿ ನಿಲ್ಲಿಸಿದೆ.

ಸೆಪ್ಟೆಂಬರ್ ಕೊನೆ

ನಾಲ್ಕು ದಿನ ಬಿಸಿಲು. ಪಿವಿಸಿ ಪೈಪಿನ ತುಂಬ ವಾರ್ನಿಷ್, ಅದರೊಳಗೆ ತುದಿ ತುಂಡು. ನಿಮಿಷಕ್ಕೆ 5 ಸುತ್ತು ತಿರುಗುವ ಸಣ್ಣ ಮೋಟರಿನ 6 ಮಿಲಿಮೀಟರ್ ಕಡ್ಡಿಗೆ ದಾರ ಕಟ್ಟಿ ಮೇಲಕ್ಕೆಳೆದೆ. ನಿಮಿಷಕ್ಕೆ ಸುಮಾರು 9 ಸೆಂಟಿಮೀಟರ್. ನಿಧಾನ ಎಳೆದಷ್ಟೂ ಪದರ ತೆಳು, ಹನಿ ನಿಲ್ಲುವುದಿಲ್ಲ. ಎರಡು ಪದರ ಸಾಕು.

ಅಕ್ಟೋಬರ್, ಖಡಕ್‌ವಾಸಲಾ

ಇದು ಪುಣೆ ಹತ್ತಿರದ ಅಣೆಕಟ್ಟು, ಮುಠಾ ಹೊಳೆಯ ನೀರು. 1839ರಲ್ಲಿ ಬ್ರಿಟಿಷ್ ಸೇನಾಧಿಕಾರಿ ಸೈಕ್ಸ್ ದಖ್ಖನಿನ ಮಹಶೀರ್ ಎಂಬ ದೊಡ್ಡ ಮೀನಿಗೆ ಶಾಸ್ತ್ರದ ಹೆಸರು ಕೊಟ್ಟದ್ದು ಪುಣೆ ಹತ್ತಿರದ ಮುಳಾ-ಮುಠಾ ಹೊಳೆಯ ಮೀನು ನೋಡಿ. ಇವತ್ತು ನನ್ನ ಆಸೆ ಅಷ್ಟು ದೊಡ್ಡದಲ್ಲ. ಮೀನುಗಾರರ ಸೊಸೈಟಿಯವರನ್ನು ಕೇಳಿ, ಹಣ ಕಟ್ಟಿ, ಹಿನ್ನೀರಿನ ಕಲ್ಲುದಂಡೆಗೆ ಇಳಿದೆ.

ಈ ಕೋಲು ಮಾಡಿದ ಕಾಲದಲ್ಲಿ ದಾರವೂ ರೇಷ್ಮೆಯದೇ, ಅಳತೆ ಅಕ್ಷರದಲ್ಲಿ. ಈಗಿನ ನಂಬರುಗಳು 1961ರವು. ದಾರದ ಮೊದಲ 30 ಅಡಿಯ ತೂಕಕ್ಕೆ ಒಂದು ನಂಬರ್. 5ನೇ ನಂಬರಿಗೆ 140 ಗ್ರೇನ್ (ತೂಕದ ಸಣ್ಣ ಅಳತೆ), 6ಕ್ಕೆ 160. ಮೊದಲು 5 ಹಾಕಿದೆ. ದಾರ ಹೋಯಿತು, ಆದರೆ ನಡುತುಂಡು ಏಳಲಿಲ್ಲ, ತುದಿಯಷ್ಟೇ ಕೆಲಸ ಮಾಡುತ್ತಿತ್ತು. 6ಕ್ಕೆ ಬದಲಿಸಿದೆ. ಆಗ ಬಂತು ನೋಡಿ. ಹಿಂದಕ್ಕೆ ಎತ್ತಿ, ಒಂದು ಉಸಿರು ಕಾದು, ಮುಂದಕ್ಕೆ. ಬಾಗು ತುದಿಯಿಂದ ಹೊರಟು ಹಿಡಿಯವರೆಗೆ ಇಳಿದದ್ದು ಅಂಗೈಗೆ ತಿಳಿಯಿತು. ಹಳೆ ಬಿದಿರಿಗೂ ಹೊಸ ಬಿದಿರಿಗೂ ನಡುವೆ ಜೋಡಣೆ ಇದೆ ಅನ್ನುವುದೇ ಮರೆತುಹೋಯಿತು. ದಾರ ಹದಿನೈದು ಮೀಟರ್ ದೂರ ಹೋಗಿ ಸದ್ದಿಲ್ಲದೆ ಮಲಗಿತು.

ಎರಡು ಗಂಟೆಯಲ್ಲಿ ಮೂರು ಜಿಲೇಬಿ ಮೀನು. ಇಲ್ಲಿಯವರಿಗೆ ಅದು ಚಿಲಾಪಿ. ದೊಡ್ಡದು ಅರ್ಧ ಕೆಜಿ ಇದ್ದೀತು. ಕಲ್ಲಿನ ಸಂದಿಗೆ ನುಗ್ಗಿದಾಗ ತುದಿ ಪೂರ್ತಿ ಬಾಗಿ ನೀರು ಮುಟ್ಟಿತು. ನಾನು ಮೀನು ನೋಡಲಿಲ್ಲ, ಗೆಣ್ಣುಗಳನ್ನೇ ನೋಡುತ್ತಿದ್ದೆ. ಎಲ್ಲವೂ ತಡೆದವು.

ಮನೆಗೆ ಬಂದು ಕೋಲು ಒರೆಸಿ, ಗಾಜಿನ ಮೇಲಿಟ್ಟು ನೋಡಿದೆ. ತುದಿಯಲ್ಲಿ 4 ಮಿಲಿಮೀಟರ್ ಬಾಗು ಉಳಿದಿತ್ತು. ರಾತ್ರಿ ತೂಗುಹಾಕಿದೆ, ಬೆಳಿಗ್ಗೆಗೆ 1ಕ್ಕೆ ಇಳಿದಿತ್ತು. ಮೇಲಿನಿಂದ ಎರಡನೆಯ ಬಳೆಯ ಸುತ್ತಿನಲ್ಲಿ ವಾರ್ನಿಷ್ ಸಣ್ಣಗೆ ಬಿರುಕು ಬಿಟ್ಟಿದೆ. ಅದನ್ನು ಬಿಚ್ಚಿ ಮತ್ತೆ ಸುತ್ತಬೇಕು. ತಿಳಿ ಹಳದಿ ದಾರ ಇನ್ನೂ ಅರ್ಧ ಉಂಡೆ ಉಳಿದಿದೆ.